ಮೂರು ತಪ್ಪು ವಿವರಣೆಗಳು: 1911ರ ಒಂದು ಲೀ-ಎನ್‌ಫೀಲ್ಡ್ ರೈಫಲ್‌ನ ಪ್ರಕರಣ ಅಧ್ಯಯನ

ಒಂದು ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಬಹುಕಾಲದಿಂದ ಮಲಗಿದ್ದ ರೈಫಲ್ ಒಂದಕ್ಕೆ ಹೊಸ ವಿವರಣಾ ಫಲಕ ಬರೆಯಬೇಕಾಗಿತ್ತು. ಹಳೆಯ ಫಲಕದಲ್ಲಿ ಮೂರು ಭಾಗಗಳ ಉಪಯೋಗವನ್ನು ಹೆಸರಿಸಲಾಗಿತ್ತು. ಬಲಬದಿಯಲ್ಲಿ ಚಾಚಿಕೊಂಡಿದ್ದ ತೆಳುವಾದ ಉಕ್ಕಿನ ನಾಲಿಗೆ ‘ಧೂಳು ತಡೆಯುವ ಮುಚ್ಚಳ’. ಎಡಬದಿಯ ಮರಕ್ಕೆ ಕೂರಿಸಿದ ಲೋಹದ ಬಿಲ್ಲೆ ‘ಹಾರಿಸಿದ ಗುಂಡುಗಳ ಲೆಕ್ಕ ಇಡುವ ಸಾಧನ’. ಮೂತಿಯ ಬಳಿಯ ತಂತಿಬಳೆ ‘ಹೆಗಲ ಪಟ್ಟಿಯ ಕೊಂಡಿ’. ಓದಿದರೆ ಮೂರೂ ಸರಿಯೇ ಇರಬೇಕು ಎನಿಸುತ್ತಿತ್ತು. ಮೂರೂ ತಪ್ಪಾಗಿದ್ದವು.

ಫಲಕ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಹಳೆಯ ಬಂದೂಕಿನ ಮೇಲೆ ಅರ್ಥವಾಗದ ಭಾಗ ಕಂಡಾಗ ನಮ್ಮ ಕಾಲದ ತಿಳಿವಳಿಕೆಗೆ ಹೊಂದುವ ಉಪಯೋಗವೊಂದನ್ನು ಅದಕ್ಕೆ ಹಚ್ಚಿಬಿಡುವುದು ಸಹಜ. ಆದರೆ ಕಾರ್ಖಾನೆಯಲ್ಲಿ ಒಂದು ಸಣ್ಣ ಭಾಗವನ್ನು ಲಕ್ಷಾಂತರ ಬಾರಿ ಕೊರೆದು, ಉಜ್ಜಿ, ಕೂರಿಸಿದ್ದಾರೆ ಎಂದರೆ ಯಾವುದೋ ಒಂದು ಸಮಸ್ಯೆ ಯಾರನ್ನೋ ನಿಜವಾಗಿ ಕಾಡಿತ್ತು ಎಂದೇ ಅರ್ಥ. ಆ ಸಮಸ್ಯೆ ಏನೆಂದು ಪತ್ತೆಯಾಗುವವರೆಗೆ ಆ ಭಾಗಕ್ಕೆ ಹೆಸರಿಡಬಾರದು ಎಂಬುದು ನನ್ನ ನಿಲುವು.

ಪರಿಶೀಲನೆಗೆ ನನ್ನ ಜೊತೆ ನಿವೃತ್ತ ಶಸ್ತ್ರ ದುರಸ್ತಿಗಾರರೊಬ್ಬರು ಕುಳಿತರು. ರೈಫಲ್‌ನ ನಳಿಗೆಯನ್ನು ಎಂದೋ ಮುಚ್ಚಿ ಬೆಸೆಯಲಾಗಿತ್ತು, ಗುಂಡು ಸಿಡಿಸುವ ಮೊಳೆಯನ್ನೂ ತೆಗೆದುಹಾಕಲಾಗಿತ್ತು. ಆದರೂ ಅವರು ಗುಂಡಿನ ಮನೆಯನ್ನು ಹಿಂದಿನಿಂದ ತೆರೆದು ಮುಚ್ಚುವ ಉಕ್ಕಿನ ದಂಡವನ್ನು, ಅಂದರೆ ಬೋಲ್ಟನ್ನು ಎಳೆದು, ಒಳಗೆ ಕಿರುಬೆರಳು ಹಾಕಿ, ಗುಂಡಿನ ಮನೆ ಖಾಲಿ ಇದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ಮೇಜಿನ ಮೇಲಿಟ್ಟರು. ನಾನು ಪುಸ್ತಕ ತೆರೆಯಲು ಹೋದಾಗ ತಡೆದರು. “ಮೊದಲು ಕೈ ಆಡಲಿ, ಆಮೇಲೆ ಬಾಯಿ ಆಡಲಿ” ಎಂದರು. ಆ ದಿನದ ಕೆಲಸವೆಲ್ಲ ಅದೇ ಕ್ರಮದಲ್ಲಿ ನಡೆಯಿತು.

ಗುರುತು ಪತ್ತೆ ಸುಲಭವಾಗಿತ್ತು. ಭುಜಕ್ಕೆ ಒರಗಿಸುವ ಮರದ ಭಾಗವಾದ ಬಟ್ ಲೋಹದ ಒಡಲಿಗೆ ಸೇರುವ ಕಡೆ, ಬಲಬದಿಯ ಉಕ್ಕಿನ ಪಟ್ಟಿಯ ಮೇಲೆ ಕಿರೀಟ, ರಾಜ ಐದನೇ ಜಾರ್ಜ್‌ನ ಹೆಸರಿನ ಮೊದಲಕ್ಷರಗಳು, ಎನ್‌ಫೀಲ್ಡ್ ಎಂಬ ಹೆಸರು, 1911 ಎಂಬ ಇಸವಿ, ಕೊನೆಯಲ್ಲಿ ರೋಮನ್ ಅಂಕಿಯಲ್ಲಿ ಮೂರು. ಅಂದರೆ ಇದು ಬ್ರಿಟಿಷ್ ಸೇನೆ 1907ರ ಜನವರಿಯಲ್ಲಿ ಅಂಗೀಕರಿಸಿದ ಶಾರ್ಟ್ ಲೀ-ಎನ್‌ಫೀಲ್ಡ್, ಮಾರ್ಕ್ 3. ತೋಟಾದ ಅಳತೆ .303 ಇಂಚು, ತೋಟಾ ತುಂಬಿಡುವ ಪೆಟ್ಟಿಗೆಯಾದ ಮ್ಯಾಗಜಿನ್‌ನಲ್ಲಿ 10 ತೋಟಾ. ಹೆಸರಿನ ‘ಲೀ’ ಬಂದದ್ದು ಬೋಲ್ಟ್ ಮತ್ತು ಮ್ಯಾಗಜಿನ್ ರೂಪಿಸಿದ ಜೇಮ್ಸ್ ಪ್ಯಾರಿಸ್ ಲೀ ಅವರಿಂದ, ‘ಎನ್‌ಫೀಲ್ಡ್’ ಬಂದದ್ದು ಸರ್ಕಾರಿ ಶಸ್ತ್ರ ಕಾರ್ಖಾನೆ ಇದ್ದ ಊರಿನಿಂದ.

ಉಕ್ಕಿನ ನಾಲಿಗೆ

ಧೂಳಿನ ಮುಚ್ಚಳ ಎಂಬ ಊಹೆ ಮೊದಲ ನೋಟಕ್ಕೇ ಬಿದ್ದುಹೋಯಿತು. ಧೂಳು ತಡೆಯುವ ತಗಡು ಬೋಲ್ಟ್‌ನ ಮೇಲಿರಬೇಕು. ಜಪಾನಿನ ಅರಿಸಾಕಾ ರೈಫಲ್‌ಗಳಲ್ಲಿ ಅಂಥದೊಂದು ತಗಡು ಬೋಲ್ಟ್ ಜೊತೆಗೇ ಹಿಂದೆ ಮುಂದೆ ಸರಿಯುತ್ತದೆ. ಇಲ್ಲಿ ನಾಲಿಗೆ ಇದ್ದದ್ದು ಬೋಲ್ಟ್‌ನ ಕೆಳಗೆ, ಮ್ಯಾಗಜಿನ್‌ನ ಬಾಯಿಯ ಮೇಲೆ. ಒಡಲಿನ ಬಲಗೋಡೆಯ ಸೀಳಿನಲ್ಲಿ ಅದು ಕೂತಿದೆ. ಮುಂತುದಿಯಲ್ಲಿ ತಿರುಗಣಿಯಂತೆ ಒಂದು ತಿರುಪು, ಹಿಂತುದಿಯಲ್ಲಿ ಬೆರಳಿಗೆ ಸಿಗುವ ಪುಟ್ಟ ಗುಬುಟು. ಗುಬುಟನ್ನು ಹಿಡಿದು ಹೊರಗೆಳೆದರೆ ಮ್ಯಾಗಜಿನ್ ತೆರೆಯುತ್ತದೆ, ಒಳಗೆ ತಳ್ಳಿದರೆ ಮುಚ್ಚುತ್ತದೆ. ಇದರ ಹೆಸರು ಕಟ್‌ಆಫ್.

ಮದ್ದಿಲ್ಲದ ಅಭ್ಯಾಸದ ತೋಟಾಗಳನ್ನು ತಂದು ಮೂರು ಪ್ರಯೋಗ ಮಾಡಿದೆವು.

ಮೊದಲನೆಯದರಲ್ಲಿ ಮ್ಯಾಗಜಿನ್ ತುಂಬಿಸಿ ಕಟ್‌ಆಫ್ ಒಳಗೆ ತಳ್ಳಿದೆವು. ಈಗ ಬೋಲ್ಟ್ ಎಷ್ಟು ಸಲ ಹಿಂದೆ ಮುಂದೆ ಆಡಿದರೂ ಕೆಳಗಿನ ತೋಟಾ ಮೇಲೇಳುವುದಿಲ್ಲ. ಒಂದೇ ಒಂದು ತೋಟಾವನ್ನು ಕೈಯಿಂದ ಆ ತಗಡಿನ ಮೇಲಿಟ್ಟು ಬೋಲ್ಟ್ ತಳ್ಳಿದರೆ ಅದು ಮಾತ್ರ ನಳಿಗೆಗೆ ಹೋಗುತ್ತದೆ. ಹತ್ತು ಗುಂಡಿನ ಬಂದೂಕು ಒಂದು ಗುಂಡಿನ ಬಂದೂಕಾಯಿತು!

ಏಕೆ ಹೀಗೆ ಮಾಡಿದರು ಎಂಬುದಕ್ಕೆ ಎಲ್ಲೆಡೆ ಕೇಳುವ ಉತ್ತರ ಒಂದೇ: ಹಳೆಯ ಸೇನಾಧಿಕಾರಿಗಳು ಜಿಪುಣರು, ಸೈನಿಕ ಗುಂಡು ಪೋಲು ಮಾಡುತ್ತಾನೆ ಎಂದು ಹೆದರಿದರು. ನಾನೂ ವರ್ಷಗಟ್ಟಲೆ ಇದನ್ನೇ ನಂಬಿದ್ದೆ, ಬೇರೆಯವರಿಗೆ ಹೇಳಿಯೂ ಇದ್ದೆ. ಆದರೆ ಲೆಕ್ಕ ಹಾಕಿದರೆ ಅದನ್ನು ಬರೀ ಜಿಪುಣತನ ಎನ್ನಲು ಮನಸ್ಸು ಬಾರದು. 1908ರ ಮಾದರಿಯ ಹೆಣೆದ ಪಟ್ಟಿಯಲ್ಲಿ ಬ್ರಿಟಿಷ್ ಪದಾತಿ ಸೈನಿಕನ ಎದೆಯ ಮೇಲೆ ಹತ್ತು ಚೀಲಗಳಿದ್ದವು, ಪ್ರತಿ ಚೀಲದಲ್ಲಿ 15 ತೋಟಾ, ಒಟ್ಟು 150. ತರಬೇತಿಯಲ್ಲಿ ಅವನಿಂದ ನಿರೀಕ್ಷಿಸಿದ್ದು 300 ಗಜ ದೂರದ ಗುರಿಗೆ ನಿಮಿಷಕ್ಕೆ 15 ಗುಂಡು. ಆ ವೇಗದಲ್ಲಿ ಹಾರಿಸಿದರೆ ಮೈಮೇಲೆ ಹೊತ್ತದ್ದೆಲ್ಲ ಹತ್ತೇ ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಹಿಂದಿನಿಂದ ಪೆಟ್ಟಿಗೆ ಹೊತ್ತು, ಗುಂಡಿನ ಮಳೆಯ ನಡುವೆ ಯಾರಾದರೂ ತೆವಳಿ ಬರಬೇಕು. ಬಾರದಿದ್ದರೆ ಕೈಯಲ್ಲಿರುವುದು ಮೂತಿಗೆ ಸಿಕ್ಕಿಸುವ ಅಲಗು, ಬಯೊನೆಟ್ ಮಾತ್ರ.

ಇನ್ನೂ ಹಿಂದಕ್ಕೆ ಹೋದರೆ ಕಾರಣ ಮತ್ತಷ್ಟು ಸ್ಪಷ್ಟವಾಗುತ್ತದೆ. ಈ ರೈಫಲ್‌ನ ಅಜ್ಜನಂತಿದ್ದ 1888ರ ಲೀ-ಮೆಟ್‌ಫರ್ಡ್‌ನಲ್ಲಿ ಮ್ಯಾಗಜಿನ್‌ಗೆ ಎಂಟು ತೋಟಾ ಹಿಡಿಯುತ್ತಿತ್ತು, ಅವನ್ನು ಒಂದೊಂದಾಗಿ ತುಂಬಬೇಕಾಗಿತ್ತು. ಶತ್ರು ಎದುರಿಗೆ ನುಗ್ಗುತ್ತಿರುವಾಗ ಎಂಟು ತೋಟಾ ಒಂದೊಂದಾಗಿ ತುಂಬುವುದೆಂದರೆ ಸಾವಿಗೆ ಸಮಯ ಕೊಟ್ಟಂತೆ. ಹಾಗಾಗಿ ಮಾಮೂಲು ಹೊತ್ತಿನಲ್ಲಿ ಒಂದೊಂದೇ ತೋಟಾ ಇಟ್ಟು ಹಾರಿಸುವುದು, ಮ್ಯಾಗಜಿನ್ ಮಾತ್ರ ಆಪತ್ಕಾಲಕ್ಕೆ ಕಟ್ಟಿಟ್ಟ ಬುತ್ತಿ. ಶತ್ರು ಹತ್ತಿರ ಬಂದಾಗ ಕಟ್‌ಆಫ್ ಎಳೆ, ಬುತ್ತಿ ಬಿಚ್ಚು. ಆ ಬಂದೂಕಿನ ಮಟ್ಟಿಗೆ ಇದು ವಿವೇಕದ ನಿರ್ಧಾರವೇ ಆಗಿತ್ತು.

ಎರಡನೆಯ ಪ್ರಯೋಗದಲ್ಲಿ ಆ ವಿವೇಕ ಮುರಿದುಬಿದ್ದದ್ದು ಎಲ್ಲಿ ಎಂದು ಕಣ್ಣಾರೆ ಕಂಡೆವು. ಐದು ತೋಟಾಗಳನ್ನು ಸಾಲಾಗಿ ಹಿಡಿದಿಡುವ ಉಕ್ಕಿನ ಪಟ್ಟಿಗೆ ಸೇನೆಯಲ್ಲಿ ಚಾರ್ಜರ್ ಎನ್ನುತ್ತಾರೆ. ಮಾರ್ಕ್ 3ರ ಬೋಲ್ಟ್‌ನ ಮೇಲೆ ಸೇತುವೆಯಂತೆ ಬಾಗಿರುವ ಉಕ್ಕಿನ ಕಮಾನಿನಲ್ಲಿ ಆ ಪಟ್ಟಿಯನ್ನು ನಿಲ್ಲಿಸಿ, ಹೆಬ್ಬೆರಳಿನಿಂದ ಒತ್ತಿದರೆ ಐದೂ ತೋಟಾ ಒಂದೇ ಏಟಿಗೆ ಕೆಳಗಿಳಿಯುತ್ತವೆ. ಎರಡು ಪಟ್ಟಿ, ಹತ್ತು ತೋಟಾ, ಕೆಲವೇ ಸೆಕೆಂಡುಗಳ ಕೆಲಸ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ, ಅಂದರೆ 1899ರಿಂದ 1902ರವರೆಗೆ, ಎದುರಾಳಿಗಳ ಮೌಸರ್ ರೈಫಲ್‌ಗಳು ಹೀಗೆ ಪಟ್ಟಿಯಿಂದ ತುಂಬಿಕೊಳ್ಳುವುದನ್ನು ಬ್ರಿಟಿಷರು ಪೆಟ್ಟು ತಿಂದು ಕಲಿತಿದ್ದರು. ನಾವು ಕಟ್‌ಆಫ್ ಮುಚ್ಚಿಟ್ಟು ಚಾರ್ಜರ್ ಒತ್ತಿದೆವು. ತೋಟಾಗಳು ತಗಡಿಗೆ ಬಡಿದು ನಿಂತವು, ಕೆಳಗೆ ಹೋಗಲಿಲ್ಲ. ಹೆಬ್ಬೆರಳು ಕೆಂಪಾದದ್ದಷ್ಟೇ ಬಂತು. ವೇಗವಾಗಿ ತುಂಬಲು ಬೇಕಾದ ಏರ್ಪಾಡು ಮೇಲೆ, ಅದಕ್ಕೆ ಅಡ್ಡಗಟ್ಟುವ ಏರ್ಪಾಡು ಕೆಳಗೆ, ಎರಡೂ ಒಂದೇ ಬಂದೂಕಿನಲ್ಲಿ! ಗಾಬರಿಯಲ್ಲಿ ಒಬ್ಬ ಸೈನಿಕ ಗುಬುಟು ಎಳೆಯುವುದನ್ನು ಮರೆತರೆ ಏನಾಗುತ್ತದೆ ಎಂದು ಊಹಿಸಿ ನನಗೆ ನಿಜಕ್ಕೂ ಎದೆ ಝಲ್ಲೆಂದಿತು.

ಹಾಗಿದ್ದರೆ ಚಾರ್ಜರ್ ಬಂದ ದಿನವೇ ಕಟ್‌ಆಫ್ ಹೋಗಬೇಕಿತ್ತಲ್ಲ? ನಾನು ಕೇಳಿದ್ದೂ ಇದನ್ನೇ. ಹಿರಿಯ ದುರಸ್ತಿಗಾರರು ಉತ್ತರಿಸಲಿಲ್ಲ, ಮೂರನೆಯ ಪ್ರಯೋಗ ಮಾಡಿ ತೋರಿಸಿದರು. ಮ್ಯಾಗಜಿನ್ ಪೂರ್ತಿ ತುಂಬಿಸಿದರು. ಎಡಗೈ ಬೆರಳುಗಳಿಂದ ಮೇಲಿನ ತೋಟಾವನ್ನು ಕೆಳಗೆ ಅದುಮಿ ಹಿಡಿದು, ಅದರ ಮೇಲೆ ಕಟ್‌ಆಫ್ ಜಾರಿಸಿದರು. ಬಳಿಕ ಖಾಲಿ ನಳಿಗೆಯ ಮೇಲೆ ಬೋಲ್ಟ್ ಮುಚ್ಚಿದರು. ಈಗ ಒಳಗೆ ಹತ್ತು ತೋಟಾ ಇವೆ, ಸಿಡಿಯುವ ಜಾಗದಲ್ಲಿ ಒಂದೂ ಇಲ್ಲ. ಕುದುರೆಯಿಂದ ಬಿದ್ದರೂ, ಕತ್ತಲಲ್ಲಿ ಎಡವಿದರೂ, ಟ್ರಿಗರ್‌ಗೆ ಗಿಡದ ಕೊಂಬೆ ತಾಗಿದರೂ ಗುಂಡು ಹಾರದು. ಬೇಕೆಂದಾಗ ಗುಬುಟು ಎಳೆದು ಬೋಲ್ಟ್ ಒಮ್ಮೆ ಆಡಿಸಿದರೆ ಸಿದ್ಧ. ತುಂಬಿದ ಬಂದೂಕು ಹಿಡಿದು ನೂರಾರು ಜನ ಒತ್ತೊತ್ತಾಗಿ ಸಾಲಿನಲ್ಲಿ ನಡೆಯುವಾಗ ಇದು ಸಣ್ಣ ಮಾತಲ್ಲ. ಜಿಪುಣತನದ ಕಥೆಯೊಂದನ್ನೇ ಹೇಳುತ್ತ ಬಂದವರು, ನನ್ನನ್ನೂ ಸೇರಿಸಿ, ಈ ಅರ್ಧವನ್ನು ಬಿಟ್ಟೇ ಹೇಳಿದ್ದೇವೆ.

ಇಲ್ಲಿ ಇನ್ನೊಂದು ಬಂದೂಕಿನ ಮಾತು ಬರುತ್ತದೆ. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್‌ನಲ್ಲೂ ಕಟ್‌ಆಫ್ ಇದೆ, ಎಡಬದಿಯ ಪುಟ್ಟ ಸನ್ನೆಯ ರೂಪದಲ್ಲಿ. ಅದರ ಒಂದು ಮುಖದಲ್ಲಿ ‘ಆನ್’, ಇನ್ನೊಂದರಲ್ಲಿ ‘ಆಫ್’ ಎಂದು ಕೆತ್ತಿದ್ದಾರೆ. ಬ್ರಿಟಿಷರು ತಮ್ಮದನ್ನು ಮೊದಲನೆಯ ಮಹಾಯುದ್ಧದ ನಡುವೆ ಕೈಬಿಟ್ಟರು. ಅಮೆರಿಕನ್ನರದು ಎರಡನೆಯ ಮಹಾಯುದ್ಧದ ಕಾಲದ 1903ಎ3 ಮಾದರಿಯವರೆಗೂ ಉಳಿಯಿತು. ಕಾರಣ ಆ ಸನ್ನೆಯ ಮೂರನೆಯ ನಿಲುವಿನಲ್ಲಿದೆ ಎಂದು ನನಗನಿಸುತ್ತದೆ. ಆನ್ ಮತ್ತು ಆಫ್‌ಗಳ ನಡುವೆ ನಿಲ್ಲಿಸಿದರೆ ಬೋಲ್ಟ್ ಪೂರ್ತಿ ಹೊರಬರುತ್ತದೆ, ಉಳಿದಂತೆ ಅದು ಬೋಲ್ಟ್ ಜಾರಿ ಬೀಳದಂತೆ ತಡೆಯುತ್ತದೆ. ಅಂದರೆ ಮೊದಲ ಕೆಲಸ ಹೋದರೂ ಅದಕ್ಕೆ ಎರಡನೆಯ ಕೆಲಸ ಇತ್ತು, ಕಿತ್ತರೆ ಬೋಲ್ಟ್‌ಗೆ ತಡೆಯೇ ಇರುವುದಿಲ್ಲ. ಲೀ-ಎನ್‌ಫೀಲ್ಡ್‌ನ ತಗಡಿಗೆ ಅಂಥ ಆಸರೆ ಇರಲಿಲ್ಲ. ತಿರುಪು ಬಿಚ್ಚಿ ತೆಗೆದರೆ ಬಂದೂಕು ಮೊದಲಿನಂತೆಯೇ ನಡೆಯುತ್ತದೆ. ನಾವೂ ತೆಗೆದು ನೋಡಿದೆವು, ಬೋಲ್ಟ್ ಸರಾಗವಾಗಿ ಓಡಿತು, ತೋಟಾಗಳು ಒಂದಾದ ಮೇಲೊಂದು ಎದ್ದು ಬಂದವು.

ಎಡಬದಿಯ ಬಿಲ್ಲೆ

ಗುಂಡಿನ ಲೆಕ್ಕ ಇಡುವ ಸಾಧನವಾದರೆ ಅದು ಬೋಲ್ಟ್‌ಗೋ ಟ್ರಿಗರ್‌ಗೋ ಹೇಗಾದರೂ ಅಂಟಿಕೊಂಡಿರಬೇಕು. ಈ ಬಿಲ್ಲೆ ಇರುವುದು ಎರಡರಿಂದಲೂ ದೂರ, ಮುಂಬದಿಯ ಮರದ ಮೇಲೆ. ಹಿಂದೆ ಯಾವ ಸರಳೂ ಇಲ್ಲ, ಹಲ್ಲಿನ ಗಾಲಿಯೂ ಇಲ್ಲ. ನಮ್ಮ ರೈಫಲ್‌ನಲ್ಲಿ ಬಿಲ್ಲೆ ಮತ್ತು ಅದರ ನಡುವಿನ ತೂತು ಮಾತ್ರ ಉಳಿದಿದ್ದವು. ತಿರುಗಬೇಕಾಗಿದ್ದ ಮುಳ್ಳು ಇರಲಿಲ್ಲ. ಹಿಂದೆ, ಸುರಕ್ಷತಾ ಕೀಲಿಯ ಬಳಿ ಇರಬೇಕಾಗಿದ್ದ ಇನ್ನೊಂದು ಭಾಗವೂ ಇರಲಿಲ್ಲ. ಅರ್ಧ ಯಂತ್ರವನ್ನು ನೋಡಿ ಪೂರ್ತಿ ಯಂತ್ರ ಯಾವುದೆಂದು ಹೇಳಲು ಹೊರಟದ್ದರಿಂದಲೇ ಹಳೆಯ ಫಲಕ ದಾರಿ ತಪ್ಪಿತ್ತು.

ಇದು ವಾಲಿ ಸೈಟ್, ಅಂದರೆ ಇಡೀ ತುಕಡಿ ಒಂದೇ ಅಪ್ಪಣೆಗೆ ಒಟ್ಟಾಗಿ ಗುಂಡು ಸುರಿಸುವಾಗ ಬಳಸುವ ದೂರದ ಗುರಿನೋಟ. ನಳಿಗೆಯ ಮೇಲಿನ ಮಾಮೂಲು ಸೈಟ್ 200ರಿಂದ 2000 ಗಜದವರೆಗೆ ಏರುತ್ತದೆ. ಬಿಲ್ಲೆ ಅದರಾಚೆಗೂ, 2800 ಗಜದವರೆಗೆ ಹೋಗುತ್ತದೆ. ಎರಡೂವರೆ ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರದಲ್ಲಿ ನಿಂತ ಮನುಷ್ಯ ಬರಿಗಣ್ಣಿಗೆ ಚುಕ್ಕೆಯಾಗಿಯೂ ಕಾಣುವುದು ಕಷ್ಟ. ಒಬ್ಬ ಮನುಷ್ಯನಿಗೆ ಗುರಿಯಿಡುವ ಉದ್ದೇಶವೇ ಇರಲಿಲ್ಲ. ದಾರಿಯಲ್ಲಿ ಸಾಗುವ ಕುದುರೆ ದಳ, ಬಿಡಾರ ಹೂಡಿದ ಪಡೆ, ಸಾಲುಗಟ್ಟಿ ನಿಂತ ಫಿರಂಗಿ ಬಂಡಿಗಳು ಅದರ ಗುರಿ. ಅಧಿಕಾರಿ ದೂರ ಅಂದಾಜು ಮಾಡಿ ಕೂಗುತ್ತಾನೆ, ಎಲ್ಲರೂ ಮುಳ್ಳನ್ನು ಒಂದೇ ಗುರುತಿಗೆ ತಿರುಗಿಸುತ್ತಾರೆ, ಒಟ್ಟಿಗೆ ಹಾರಿಸುತ್ತಾರೆ. ಗುಂಡುಗಳು ಆಲಿಕಲ್ಲಿನಂತೆ ಒಂದು ಹರವಿನಲ್ಲಿ ಬೀಳುತ್ತವೆ. ಯಾವ ಗುಂಡು ಯಾರದೆಂದು ಯಾರಿಗೂ ಗೊತ್ತಾಗುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಪ್ರಶ್ನೆ. ಬಂದೂಕಿನ ಮೇಲೆ ಇರಬೇಕಾದ ಸೈಟ್ ಪಕ್ಕಕ್ಕೆ ಏಕೆ ಬಂತು? ದೂರಕ್ಕೆ ಕಲ್ಲೆಸೆಯುವವನು ಕೈಯನ್ನು ಮೇಲಕ್ಕೆ ಬೀಸುತ್ತಾನೆ. ಹಾಗೆಯೇ ದೂರ ಹೆಚ್ಚಿದಂತೆ ನಳಿಗೆಯ ಮೂತಿ ಮೇಲೇಳಬೇಕು, ಕಣ್ಣು ಮಾತ್ರ ಗುರಿಯ ಮೇಲೇ ಇರಬೇಕು. ಇದಕ್ಕೆ ಹಿಂದಿನ ಸೈಟನ್ನು ಏರಿಸುತ್ತ ಹೋಗಬಹುದು. ಆದರೆ ಒಂದು ಮಿತಿ ದಾಟಿದರೆ ಅದು ಎಷ್ಟು ಎತ್ತರಕ್ಕೆ ಹೋಗುತ್ತದೆಂದರೆ ಕೆನ್ನೆ ಮರದಿಂದ ಎದ್ದುಬಿಡುತ್ತದೆ, ಬಂದೂಕು ಭುಜದಲ್ಲಿ ನಿಲ್ಲುವುದಿಲ್ಲ. ಆಗ ಯಾರಿಗೋ ಹೊಳೆದಿದೆ: ಹಿಂದಿನದನ್ನು ಏರಿಸುವ ಬದಲು ಮುಂದಿನದನ್ನು ಇಳಿಸೋಣ. ಮೇಲ್ಗಡೆ ಇಳಿಸಲು ಜಾಗವಿಲ್ಲ, ನಳಿಗೆ ಅಡ್ಡ ಬರುತ್ತದೆ. ಪಕ್ಕದಲ್ಲಾದರೆ ಎಷ್ಟು ಬೇಕಾದರೂ ಇಳಿಸಬಹುದು. ಬಿಲ್ಲೆಯ ಮುಳ್ಳಿನ ತುದಿಯಲ್ಲಿ ಒಂದು ಮಣಿ. ಹಿಂದೆ, ಸುರಕ್ಷತಾ ಕೀಲಿಯ ಮಗ್ಗುಲಲ್ಲಿ, ಎತ್ತಿ ನಿಲ್ಲಿಸುವ ಸಣ್ಣ ತೋಳು, ಅದರ ತುದಿಯಲ್ಲಿ ಸಣ್ಣ ರಂಧ್ರ. ರಂಧ್ರದಿಂದ ಮಣಿಗೆ ಎಳೆದ ಗೆರೆ ಬಂದೂಕಿನ ಎಡಮಗ್ಗುಲಿಗೆ ಯಾವ ತಡೆಯೂ ಇಲ್ಲದೆ ಹಾದುಹೋಗುತ್ತದೆ.

ಓದಿ ಅರ್ಥವಾಗಿತ್ತು, ಮನಸ್ಸಿಗೆ ನಾಟಿರಲಿಲ್ಲ. ಬಿಲ್ಲೆಯ ನಡುವಿನ ತೂತಿಗೆ ಒಂದು ಸೀಳಿದ ಬಿದಿರ ಕಡ್ಡಿಯನ್ನು ದಾರದಿಂದ ಬಿಗಿದೆವು. ಹಿಂದೆ, ತೋಳಿನ ಜಾಗದಲ್ಲಿ, ಸೂಜಿಯಿಂದ ತೂತು ಮಾಡಿದ ರಟ್ಟಿನ ತುಂಡು. ಎದುರು ಗೋಡೆಯ ಮೇಲೆ ಸೀಮೆಸುಣ್ಣದ ಚುಕ್ಕೆ. ರಟ್ಟಿನ ತೂತಿನಿಂದ ನೋಡುತ್ತ ಕಡ್ಡಿಯ ತುದಿಯನ್ನು ಚುಕ್ಕೆಗೆ ಹೊಂದಿಸಿದೆ. ಹಿರಿಯರು ಕಡ್ಡಿಯನ್ನು ಒಂದಿಷ್ಟು ಕೆಳಗೆ ತಿರುಗಿಸಿ “ಈಗ ಹೊಂದಿಸಿ” ಎಂದರು. ಹೊಂದಿಸಿದೆ. ಮತ್ತೆ ಕೆಳಗೆ, ಮತ್ತೆ ಹೊಂದಿಸಿದೆ. ನಾಲ್ಕನೆಯ ಸಲ ಅವರು ನನ್ನ ಎಡಗೈಯನ್ನು ತಟ್ಟಿ ಮೂತಿಯ ಕಡೆ ತೋರಿಸಿದರು. ನಾನು ಚುಕ್ಕೆಯಿಂದ ಕಣ್ಣು ತೆಗೆದಿರಲಿಲ್ಲ, ಕೆನ್ನೆಯನ್ನು ಮರದಿಂದ ಎತ್ತಿರಲಿಲ್ಲ. ಆದರೂ ನಳಿಗೆ ಚಾವಣಿಯತ್ತ ಏರಿ ನಿಂತಿತ್ತು. ಒಂದು ಕಡ್ಡಿ, ಒಂದು ರಟ್ಟು! ಅಷ್ಟು ಸರಳವಾದ, ಅಷ್ಟು ಅಚ್ಚುಕಟ್ಟಾದ ಯೋಚನೆ. ಇದನ್ನು ಗುಂಡಿನ ಲೆಕ್ಕದ ಪೆಟ್ಟಿಗೆ ಎಂದು ಜನ ಇಷ್ಟು ಕಾಲ ಓದಿಕೊಂಡು ಹೋದರಲ್ಲ ಎಂದು ಸಂಕಟವಾಯಿತು.

ಈ ಯೋಚನೆ ಸೋತದ್ದು ಇನ್ನೊಂದು ಯಂತ್ರದ ಮುಂದೆ. 1912ರಲ್ಲಿ ಬ್ರಿಟಿಷ್ ಸೇನೆ ವಿಕರ್ಸ್ ಮೆಷಿನ್‌ಗನ್ ಅಂಗೀಕರಿಸಿತು. ಮುಕ್ಕಾಲಿಯ ಮೇಲೆ ಅಲುಗದೆ ಕೂತು ನಿಮಿಷಕ್ಕೆ ಸುಮಾರು 450 ಗುಂಡು ಉಗುಳುವ ಆ ಒಂದು ಯಂತ್ರ ಎದುರಿರುವಾಗ, ದೂರದ ಬಯಲಿಗೆ ಗುಂಡು ಸುರಿಸಲು ಮೂವತ್ತು ಜನ ರೈಫಲ್ ಹಿಡಿದು ಸಾಲಾಗಿ ನಿಲ್ಲುವ ಅಗತ್ಯ ಉಳಿಯಲಿಲ್ಲ. ಅಷ್ಟರಲ್ಲಿ ಪಶ್ಚಿಮ ರಂಗದಲ್ಲಿ ಯುದ್ಧ ಕಂದಕಗಳಿಗೆ ಇಳಿದಿತ್ತು, ಶತ್ರು ಕೆಲವೇ ನೂರು ಗಜ ದೂರದಲ್ಲಿದ್ದ. 1916ರ ಜನವರಿ 2ರಂದು ಅಂಗೀಕಾರವಾದ ಮಾರ್ಕ್ 3 ನಕ್ಷತ್ರ ಮಾದರಿಯಲ್ಲಿ ವಾಲಿ ಸೈಟ್ ಇಲ್ಲ, ಕಟ್‌ಆಫ್ ಇಲ್ಲ, ಗಾಳಿಗೆ ತಕ್ಕಂತೆ ಹಿಂದಿನ ಸೈಟನ್ನು ಎಡಬಲಕ್ಕೆ ಸರಿಸುವ ತಿರುಪೂ ಇಲ್ಲ. ಒಂದೊಂದು ಭಾಗ ಬಿಟ್ಟಾಗಲೂ ಕಾರ್ಖಾನೆಯಲ್ಲಿ ಕೆಲವು ಕೊರೆತ, ಕೆಲವು ತಿರುಪು, ಕೆಲವು ನಿಮಿಷ ಉಳಿಯಿತು. ಲಕ್ಷಗಟ್ಟಲೆ ರೈಫಲ್ ಬೇಕಾಗಿದ್ದ ಹೊತ್ತು ಅದು.

ನಮ್ಮ ರೈಫಲ್ 1911ರದ್ದು, ಹುಟ್ಟುವಾಗ ಎಲ್ಲವೂ ಇತ್ತು. ಬಿಡಿಭಾಗ ಹೋದದ್ದು ದುರಸ್ತಿಯಲ್ಲಿ ಎಂದು ಹಿರಿಯರ ಅಭಿಪ್ರಾಯ. ಅದಕ್ಕೆ ಅವರು ಕೊಟ್ಟ ಆಧಾರ ನನಗೆ ಒಪ್ಪಿಗೆಯಾಯಿತು: ಮುಳ್ಳು ಮತ್ತು ತೋಳು ಬಟ್ಟೆಗೆ ಸಿಕ್ಕಿಕೊಳ್ಳುವ, ಬಾಗುವ ಭಾಗಗಳು, ಬಿಚ್ಚುವುದೂ ಸುಲಭ. ಬಿಲ್ಲೆ ಹಾಗಲ್ಲ, ಮರದಲ್ಲಿ ಇಳಿದು ಕೂತಿದೆ. ಅದನ್ನು ಕಿತ್ತರೆ ಗುಂಡಿ ಉಳಿಯುತ್ತದೆ, ಗುಂಡಿಗೆ ಹೊಸ ಮರ ಕೂರಿಸಬೇಕು. ಕೆಲಸದ ರಾಶಿ ಮುಂದಿರುವ ದುರಸ್ತಿಗಾರ ಅದನ್ನು ಹಾಗೇ ಬಿಟ್ಟಿದ್ದಾನೆ.

ಮೂತಿಯ ಬಳೆ, ಹಿಂಬದಿಯ ಬಾಗಿಲು

ಬಳೆಯದು ಬೇಗ ತೀರ್ಮಾನವಾಯಿತು. ಹೆಗಲ ಪಟ್ಟಿಗೆ ಬೇಕಾದ ಎರಡು ಕೊಂಡಿಗಳು ಬೇರೆಯೇ ಇವೆ, ಒಂದು ನಡುವಿನ ಪಟ್ಟಿಯಲ್ಲಿ, ಇನ್ನೊಂದು ಬಟ್‌ನಲ್ಲಿ. ಮೂತಿಯದು ಮೂರನೆಯದು. ತಂಗುವಾಗ ಮೂರು ರೈಫಲ್‌ಗಳನ್ನು ಮೂತಿಯ ಬಳಿ ಒಂದಕ್ಕೊಂದು ಕೋದು, ಬುಡ ಅಗಲಿಸಿ, ಮುಕ್ಕಾಲಿಯಂತೆ ನಿಲ್ಲಿಸಲು ಇರುವ ಬಳೆ ಅದು. ನೆಲದ ಕೆಸರು ನಳಿಗೆಗೆ ಹೋಗುವುದಿಲ್ಲ, ಎದ್ದೊಡನೆ ಕೈಗೆ ಸಿಗುತ್ತದೆ. ಅಲ್ಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. 17 ಇಂಚು ಅಲಗಿನ ಬಯೊನೆಟ್‌ನ ಭಾರ ಬೀಳುವುದು ಮೂತಿಯ ಉಕ್ಕಿನ ಟೋಪಿಯ ಮೇಲೆ, ನಳಿಗೆಯ ಮೇಲಲ್ಲ. ನಳಿಗೆಗೆ ಭಾರ ತೂಗಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ.

ಬಟ್‌ನ ಹಿಂಬದಿಯ ಹಿತ್ತಾಳೆ ತಗಡಿನಲ್ಲಿ ಪುಟ್ಟ ಬಾಗಿಲಿದೆ. ಹಳೆಯ ಫಲಕದಲ್ಲಿ ಅದರ ಮಾತೇ ಇರಲಿಲ್ಲ. ಉಗುರಿನಿಂದ ತೆರೆದಾಗ ಹಳೆಯ ಎಣ್ಣೆಯ ವಾಸನೆ ಬಂತು. ಒಳಗೆ ಹಿತ್ತಾಳೆಯ ಎಣ್ಣೆ ಸೀಸೆ ಮತ್ತು ಸುತ್ತಿಟ್ಟ ಹುರಿ, ಹುರಿಯ ತುದಿಯಲ್ಲಿ ಬೆರಳುದ್ದದ ಭಾರದ ಹಿತ್ತಾಳೆ ತುಂಡು. ಬೋಲ್ಟ್ ತೆಗೆದು, ಆ ತುಂಡನ್ನು ಹಿಂದಿನಿಂದ ನಳಿಗೆಯೊಳಗೆ ಇಳಿಬಿಟ್ಟರೆ ತೂಕಕ್ಕೆ ತಾನೇ ಮೂತಿಯವರೆಗೆ ಜಾರುತ್ತದೆ. ಹುರಿಯ ಕುಣಿಕೆಗೆ ನಾಲ್ಕು ಇಂಚು ಉದ್ದ ಎರಡು ಇಂಚು ಅಗಲದ ಬಟ್ಟೆ ಸಿಕ್ಕಿಸಿ ಮುಂದಿನಿಂದ ಎಳೆಯಬೇಕು. ಕಬ್ಬಿಣದ ಸಲಾಕೆಯನ್ನು ಮೂತಿಯಿಂದ ತುರುಕಿದರೆ, ಗುಂಡು ಕೊನೆಗೆ ಬಿಟ್ಟುಹೋಗುವ ಅಂಚೇ ಸವೆಯುತ್ತದೆ. ಹುರಿ ಆ ಅಂಚನ್ನು ಕಾಯುತ್ತದೆ.

ಬಾಗಿಲು ಮುಚ್ಚುವಾಗ ಹಿರಿಯರ ಹೆಬ್ಬೆರಳು ಬಟ್‌ನ ಮೇಲಂಚಿನಲ್ಲಿ ನಿಂತಿತು. ಮರದಲ್ಲಿ ಮಾಸಿದ ಒಂದು ಅಕ್ಷರ, ಇಂಗ್ಲಿಷಿನ ‘ಎಸ್’. ಈ ರೈಫಲ್‌ಗೆ ಬಟ್‌ಗಳು ಒಂದೇ ಉದ್ದದಲ್ಲಿ ಬರುತ್ತಿರಲಿಲ್ಲ. ಗುರುತಿಲ್ಲದ್ದು ಸಾಮಾನ್ಯ ಅಳತೆ, ‘ಎಲ್’ ಅರ್ಧ ಇಂಚು ಉದ್ದ, ‘ಎಸ್’ ಅರ್ಧ ಇಂಚು ಗಿಡ್ಡ, ‘ಬಿ’ ಒಂದು ಇಂಚು ಗಿಡ್ಡ. ‘ಬಿ’ ಎಂದರೆ ಬ್ಯಾಂಟಮ್. ಸೇನೆಯ ಎತ್ತರದ ಮಿತಿಗೆ ಸಾಲದ, ಐದು ಅಡಿ ಮೂರು ಇಂಚಿಗಿಂತ ಕುಳ್ಳಗಿನ ಗಂಡಸರನ್ನೇ ಸೇರಿಸಿ 1914ರ ಕೊನೆಯಿಂದ ಕಟ್ಟಿದ ಪಡೆಗಳಿಗೂ ಅದೇ ಹೆಸರಿತ್ತು. ಬಟ್ ಉದ್ದವಾದರೆ ತೋಳು ಗಿಡ್ಡಗಿರುವವನು ಟ್ರಿಗರ್‌ಗೆ ಎಟುಕಲು ಕತ್ತು ಚಾಚಬೇಕು, ಗುರಿ ಕೆಡುತ್ತದೆ. ಹಾಗಾಗಿ ಮನುಷ್ಯನ ತೋಳು ನೋಡಿ ಮರ ಜೋಡಿಸುತ್ತಿದ್ದರು.

ಹೊಸ ಫಲಕಕ್ಕೆ ಅರವತ್ತು ಪದಗಳ ಮಿತಿ ಇತ್ತು. ಕಟ್‌ಆಫ್‌ಗೆ ಎರಡು ಕಾರಣಗಳನ್ನೂ ಬರೆದೆ, ಗುಂಡಿನ ಮಿತವ್ಯಯ ಮತ್ತು ತುಂಬಿದ ಬಂದೂಕಿನ ಸುರಕ್ಷತೆ. ಬಿಲ್ಲೆಯ ಪಕ್ಕದಲ್ಲಿ ಇಲ್ಲದ ಮುಳ್ಳನ್ನೂ ತೋಳನ್ನೂ ಚುಕ್ಕೆಗೆರೆಯಲ್ಲಿ ಬಿಡಿಸಿ, ಗುರಿಯ ಗೆರೆ ಎಲ್ಲಿಂದ ಎಲ್ಲಿಗೆ ಹಾದುಹೋಗುತ್ತದೆಂದು ಬಾಣದ ಗುರುತು ಹಾಕಿಸಿದೆ. ಬಳೆಗೆ ಒಂದು ಸಾಲು. ಅಲ್ಲಿಗೆ ಪದಗಳು ಮುಗಿದವು. ಕರಡು ಓದಿದ ಹಿರಿಯರು ತಯಾರಿಕೆಯ ಇಸವಿಯ ಹಿಂದಿದ್ದ ಕಾರ್ಖಾನೆಯ ವರ್ಣನೆಯನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಆ ಜಾಗದಲ್ಲಿ ತಾವೇ ಬರೆದರು: ‘ಬಟ್‌ನ ಮೇಲಿನ ಎಸ್ ಅಕ್ಷರ: ಇದನ್ನು ಹಿಡಿದವನ ತೋಳು ಗಿಡ್ಡಗಿತ್ತು.’